ಹೊತ್ತು

"ಕೊನೆಯ ಸಲ ಸರಿಯಾಗಿ ಇದ್ದದ್ದು ಯಾವಾಗ?"
ಹೆಸರಿಗಿಂತ ಮೊದಲು, ಹಳೇ ಕಾಯಿಲೆಗಳಿಗಿಂತ ಮೊದಲು
ನಾವು ಕೇಳುವುದು ಇದನ್ನೇ.
ಗ್ರಿಮ್ಸ್‌ಬಿಯಲ್ಲಿ ಮಾರ್ಚ್, ಬೆಳಗಿನ ಐದು.
ಹಂಬರ್ ಕಡೆಯ ಗಾಳಿ ಸೈಕಲ್ ಸ್ಟ್ಯಾಂಡಿನ ತಗಡನ್ನು
ಬಡಿಯುತ್ತಲೇ ಇತ್ತು.

ಬೆರಿಲ್ ಸ್ಕ್ರಿಮ್ಶಾ ಕೋಟಿನ ಗುಂಡಿ ತಪ್ಪಿ ಹಾಕಿಕೊಂಡಿದ್ದಳು.
ಹತ್ತೂವರೆಗೆ ಮಲಗಿದ, ಅಂದಳು.
ನಾಲ್ಕಕ್ಕೆ ಅಲಾರಂ ಹೊಡೆದರೂ ಏಳಲಿಲ್ಲ,
ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು.
ನಡುವೆ?
ನಡುವೆ ಗೊತ್ತಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದೆ.
ಎರಡು ದಿನದಿಂದ ಮಾತಿರಲಿಲ್ಲ,
ಕ್ಯಾರವಾನ್ ಮಾರುವ ವಿಷಯಕ್ಕೆ.

ಮಂಚದ ಮೇಲೆ ನೆವಿಲ್.
ಮೀನುಪೇಟೆಯಲ್ಲಿ ಹರಾಜು ಕೂಗುವ ಬಾಯಿ
ಬಲಕ್ಕೆ ಜೋತುಬಿದ್ದಿದೆ.
ಹೆಸರು ಕೇಳಿದರೆ, ಹದಿನಾಲ್ಕು.
ಇವಳು ಯಾರು ಅಂದರೆ, ಹದಿನಾಲ್ಕೂವರೆ.
ಮಾತೆಲ್ಲ ಮುಳುಗಿದ ಮೇಲೂ
ಹ್ಯಾಡಕ್ ಪೆಟ್ಟಿಗೆಯ ದರ ಮಾತ್ರ ತೇಲುತ್ತಿತ್ತು.

ಔಷಧಿಗೆ ನಾಲ್ಕೂವರೆ ಗಂಟೆಯ ಗಡುವು.
ಹತ್ತೂವರೆಯಿಂದ ಎಣಿಸಿದರೆ ಬಾಗಿಲು ಮುಚ್ಚಿ ಎಷ್ಟೋ ಹೊತ್ತಾಯಿತು.
ಗಡಿಯಾರ ಬಿಡಿ, ಮಿದುಳನ್ನೇ ಕೇಳೋಣ
ಅನ್ನುವುದು ನಮ್ಮ ಅಧ್ಯಯನ.
ಅದರಲ್ಲಿ ಅವನು ಐವತ್ತೆಂಟನೆಯವನು.
ಸಹಿ ಹಾಕುವಾಗ ಬೆರಿಲ್
ಇವತ್ತು ತಾರೀಕು ಎಷ್ಟು ಅಂತ ಕೇಳಿದಳು.

ಲೋಹ ಏನಾದರೂ ಇದೆಯೇ ಮೈಮೇಲೆ?
ಉಂಗುರಕ್ಕೆ ಸೋಪು ಹಚ್ಚಿ ತೆಗೆದೆವು.
ಮಣಿಕಟ್ಟಿನಲ್ಲಿ ಇನ್ನೂ ಏನೋ ಮಿನುಗಿತು.
ಉಗುರಿನಿಂದ ಎಬ್ಬಿಸಿದೆ,
ಮೀನಿನ ಹುರುಪೆ.
ಅಂಟಿಕೊಂಡೇ ಮಲಗಿದ್ದ.

ಸುರಂಗ ಸದ್ದು ಮಾಡಿತು.
ತೆರೆಯ ಬಲಗಡೆ ಕಾಣುವುದು ಅವನ ಎಡಗಡೆ,
ಇಷ್ಟು ವರ್ಷವಾದರೂ ಒಂದು ಕ್ಷಣ ನನ್ನ ಕೈ ತಡವರಿಸುತ್ತದೆ.
ಮೊದಲ ಚಿತ್ರದಲ್ಲಿ ಒಂದು ಬಿಳಿ,
ತಳ ಹಿಡಿದ ಅನ್ನದಂತೆ ಹೊತ್ತಿದೆ.
ಎರಡನೆಯದರಲ್ಲಿ ಅದೇ ಜಾಗ
ಇನ್ನೂ ಬೂದು, ಇನ್ನೂ ಏನೂ ತಿಳಿಯದ ಹಾಗೆ.
ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲ ಅಂದರೆ
ಬಹಳ ಹೊತ್ತಾಗಿಲ್ಲ ಎಂದು ಲೆಕ್ಕ.
ನನ್ನ ಭಾಷೆಯಲ್ಲಿ ಕಾಲಕ್ಕೂ ಸುಟ್ಟಿದ್ದಕ್ಕೂ
ಒಂದೇ ದನಿ ಎಂಬುದನ್ನು
ಆ ಕೋಣೆಯಲ್ಲಿ ಯಾರಿಗೆ ಹೇಳಲಿ?

ಸೀಸೆಯಲ್ಲಿ ಇದ್ದದ್ದು ಔಷಧಿಯೋ ಉಪ್ಪುನೀರೋ,
ವೈದ್ಯರಿಗೂ ತಿಳಿಯದಂತೆ ಮೊಹರು ಮಾಡಿತ್ತು.
ಹನಿ ಹನಿಯಾಗಿ ಇಳಿಯಿತು.
ಸಮುದ್ರದ ಊರಿನವನಿಗೆ ಉಪ್ಪುನೀರು!
ನಗಬಾರದಿತ್ತು. ನಗಲಿಲ್ಲ.

ಕಾಫಿ ಯಂತ್ರದ ಹತ್ತಿರ ಬೆರಿಲ್ ಹಿಡಿದು ನಿಲ್ಲಿಸಿದಳು.
ಹಾಗಾದರೆ ಎಷ್ಟು ಹೊತ್ತಿಗೆ ಆಗಿದ್ದು?
ಖಚಿತವಾಗಿ ಹೇಳಲಾಗದು ಅಂದೆ.
ಅಂದಾಜು?
ಚಿತ್ರದ ಪ್ರಕಾರ, ಒಂದು ಗಂಟೆಯ ಮೇಲೆ.
ಒಳ್ಳೆಯ ಸುದ್ದಿ ಹೇಳುವವರ ಮುಖ ಮಾಡಿಕೊಂಡಿದ್ದೆ.
ಅವಳು ಕಾಗದದ ಲೋಟವನ್ನೇ ನೋಡುತ್ತ
"ಒಂದಕ್ಕೆ ನಾನು ಎದ್ದೇ ಇದ್ದೆ" ಅಂದಳು.
"ಎರಡಕ್ಕೂ."

ತೊಂಬತ್ತನೆಯ ದಿನ ಫೋನು ಮಾಡುವುದು ನಿಯಮ.
ನಡೆಯುತ್ತಾರಾ? ಕೋಲು ಹಿಡಿದು.
ಅಂಗಿ ತಾವೇ ಹಾಕಿಕೊಳ್ಳುತ್ತಾರಾ? ಎಡತೋಳು ಮಾತ್ರ.
ಸೊನ್ನೆಯಿಂದ ಆರರವರೆಗೆ ಒಂದು ಅಂಕಿ ಬರೆಯಬೇಕು,
ಆರು ಅಂದರೆ ಸತ್ತವರಿಗೆ.
ಮೂರು ಬರೆದೆ.
ಕ್ಯಾರವಾನ್ ಏನಾಯಿತು ಅಂತ ಕೇಳುವ ಪಟ್ಟಿ ನನ್ನದಲ್ಲ.

ಇಡುವ ಮೊದಲು, ತಾಳಿ, ಅಂದಳು,
ಫೋನನ್ನು ಅವನ ಕಿವಿಗೆ ಹಿಡಿದಿರಬೇಕು.
ಉಸಿರು ಕೇಳಿಸಿತು, ದೂರದಲ್ಲಿ ಕೆಟಲ್.
ಆಮೇಲೆ, ಯಾರೋ ಕೈ ಎತ್ತಲಿ ಎಂದು ಕಾಯುವವನ ಹಾಗೆ
ನಿಧಾನಕ್ಕೆ,
ಹದಿನೈದು.
ಹದಿನೈದೂವರೆ.
ನಾನು ಲೈನಿನಲ್ಲೇ ಇದ್ದೆ.